ಕೊಳಗಕ್ಕೆ ಎಷ್ಟು ಸೇರು? ಹಳೆಯ ದಾಖಲೆಗಳನ್ನು ಓದುವ ಕುರಿತು ಒಂದು ಪಾಠ



ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಇಳಿಸಿ, ಒಡೆದವುಗಳನ್ನು ತೆಗೆದು ಹೊಸದನ್ನು ಹೊದಿಸುವದು ನಮ್ಮ ಮಲೆನಾಡಿನ ವಾಡಿಕೆಯಾಗಿದೆಯಷ್ಟೆ. ಕೆಲವು ವರುಷಗಳ ಹಿಂದೆ ಹೊಸನಗರದ ಸೀಮೆಯ ಒಂದು ಹಳ್ಳಿಯಲ್ಲಿ ಹೀಗೆ ಹೆಂಚು ಇಳಿಸುತ್ತಿರುವಾಗ ಅಟ್ಟದ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಗೆದ್ದಲು ತಿಂದು ಉಳಿದ ಕಾಗದಗಳ ಕಟ್ಟು ಇತ್ತು. ಮನೆಯ ಹುಡುಗರು ಅದನ್ನು ಕಸವೆಂದೆಣಿಸಿ ಬಚ್ಚಲ ಒಲೆಗೆ ಹಾಕಿದರು. ನಾನು ಆ ಮನೆಯನ್ನು ಸೇರಿದಾಗ ಹಂಡೆಯ ನೀರು ಕಾದಿತ್ತು. ಕಾಗದಗಳಲ್ಲಿ ಮೂರು ಚೀಟಿಗಳು ಮಾತ್ರ ನೆಲದ ಮೇಲೆ ಬಿದ್ದಿದ್ದವು. ಅವುಗಳಲ್ಲೊಂದನ್ನು ಆ ಮನೆಯ ಮುದುಕಿಗೆ ಓದಿ ಹೇಳಿದೆನು. ಗೇಣಿಯ ಬಾಬತ್ತು ಭತ್ತ ಹತ್ತು ಖಂಡುಗ ಸಂದಾಯವಾಯಿತೆಂದು ಅದರಲ್ಲಿ ಬರೆದಿತ್ತು.

ಮುದುಕಿಯು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹತ್ತು ಖಂಡುಗ ಅಂತ ಬರೆದಾರೆ, ಹೌದು. ಯಾವ ಕೊಳಗದಾಗೆ ಅಳೆದ್ರು ಅಂತ ಬರೆದಾರಾ ಅಯ್ನೋರೇ?” ಎಂದು ಕೇಳಿದಳು.

“ಇಲ್ಲ ಅಜ್ಜೀ, ಅದನ್ನು ಬರೆದಿಲ್ಲ” ಎಂದೆನು.

“ಅಡಿಕೆ ಕೊಯ್ಲಿನಾಗೆ ನಾವು ಹೋಗಿ ದುಡಿದಿದ್ದು?”

“ಅದನ್ನೂ ಬರೆದಿಲ್ಲ.”

“ಹಂಗಾರೆ ಅದು ಅವರ ಲೆಕ್ಕ” ಎಂದು ಹೇಳಿ ಅವಳು ಎದ್ದು ಒಳಗೆ ಹೋದಳು.

ಓದು ಬಾರದ ಆ ಅಜ್ಜಿಯು ಕೇಳಿದ ಎರಡು ಪ್ರಶ್ನೆಗಳು, ಚರಿತ್ರೆಯನ್ನು ಕಲಿಸುವ ದೊಡ್ಡ ಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಬಹಳ ಕಷ್ಟದಿಂದ ಕಲಿಸಲ್ಪಡುವ ಪ್ರಶ್ನೆಗಳೇ ಆಗಿವೆ. ಈ ತಿಂಗಳಿನ ಪಾಠದಲ್ಲಿ ನಾವು ಅವನ್ನೇ ಹಿಡಿದು, ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಉಳುವವರ ಬಾಳು ಹೇಗೆ ಬದಲಾಯಿತೆಂಬದನ್ನು ದಾಖಲೆಗಳಿಂದ ತಿಳಿಯುವ ರೀತಿಯನ್ನು ಕಲಿಯೋಣ.

೧. ಮೂಲದಾಖಲೆ ಎಂದರೇನು?

ಒಂದು ಸಂಗತಿಯು ನಡೆದ ಕಾಲದಲ್ಲಿಯೇ ಹುಟ್ಟಿದ ಬರಹವಾಗಲಿ, ವಸ್ತುವಾಗಲಿ, ಅದನ್ನು ಕಣ್ಣಾರೆ ಕಂಡವರ ಮಾತಾಗಲಿ ಮೂಲದಾಖಲೆ ಎನಿಸಿಕೊಳ್ಳುವದು. ಕಲ್ಲಿನ ಶಾಸನ, ತಾಳೆಗರಿಯ ಲೆಕ್ಕ, ಗೇಣಿಯ ಚೀಟಿ, ಪಹಣಿ, ನ್ಯಾಯಸ್ಥಾನದ ತೀರ್ಪು, ಆ ಕಾಲದ ಪತ್ರಿಕೆ, ಮುದುಕರ ನೆನಪು ಇವೆಲ್ಲವೂ ಈ ಜಾತಿಗೆ ಸೇರಿದವು. ಅಟ್ಟದ ಮೇಲಿರುವ ಹಳೆಯ ಮರದ ಕೊಳಗವು ಸಹ ಒಂದು ದಾಖಲೆಯೇ. ಇವುಗಳನ್ನು ಓದಿ ಬಹುಕಾಲದ ಮೇಲೆ ಬೇರೊಬ್ಬನು ಬರೆದ ಪುಸ್ತಕವು ಎರಡನೆಯ ತರಗತಿಯದು. ಪುಸ್ತಕವು ಅನ್ನ ಮಾಡಿ ಬಡಿಸಿದಂತೆ. ಮೂಲದಾಖಲೆಯು ತೆನೆಯಲ್ಲಿರುವ ಭತ್ತದಂತೆ. ಅದನ್ನು ಬಡಿದು, ತೂರಿ, ಕುಟ್ಟಿ ನಾವೇ ಅಕ್ಕಿ ಮಾಡಿಕೊಳ್ಳಬೇಕು.

ತೂರುವದಕ್ಕೆ ನಾಲ್ಕು ಪ್ರಶ್ನೆಗಳು ಸಾಕು. ಇದನ್ನು ಬರೆದವನು ಯಾರು? ಯಾರಿಗೋಸ್ಕರ ಬರೆದನು? ಯಾವ ಅಳತೆಯಿಂದ ಅಳೆದನು? ಇದರಲ್ಲಿ ಯಾರ ಹೆಸರು ಇಲ್ಲ? ಮೊದಲಿನ ಎರಡು ಪ್ರಶ್ನೆಗಳನ್ನು ಎಲ್ಲರೂ ಕೇಳುವರು. ಕಡೆಯ ಎರಡನ್ನು ಕೇಳುವವರು ಕಡಿಮೆ. ನಮ್ಮ ಅಜ್ಜಿಯು ಕೇಳಿದ್ದು ಇವುಗಳನ್ನೇ.

೨. ಕಲ್ಲು, ಲೆಕ್ಕ, ಪ್ರವಾಸದ ಗ್ರಂಥ

ನಮ್ಮ ಸೀಮೆಯಲ್ಲಿ ಹಳೆಯ ದಾಖಲೆಗಳಿಗೆ ಕೊರತೆ ಇಲ್ಲ. ಕೆಳದಿಯ ಅರಸರ ಮೂರು ರಾಜಧಾನಿಗಳೂ ಇಲ್ಲಿಯವೇ: ಕೆಳದಿ ಮತ್ತು ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಎಂಬ ನಗರವು ಹೊಸನಗರ ತಾಲ್ಲೂಕಿನಲ್ಲಿಯೂ ಇವೆ. ಬಿ. ಎಲ್. ರೈಸರು ೧೯೦೪ರಲ್ಲಿ ಪ್ರಕಟಿಸಿದ ಶಾಸನಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಈಗಿನ ಹೊಸನಗರ ತಾಲ್ಲೂಕಿನ ಹುಂಚದ ಕಲ್ಲುಗಳನ್ನು ಅದರಲ್ಲಿ ನಗರ ತಾಲ್ಲೂಕಿನ ಕೆಳಗೆ ಹುಡುಕಬೇಕು.

ದಾನದ ಶಾಸನವೊಂದನ್ನು ಓದಿ ನೋಡಿರಿ. ಅರಸನ ಬಿರುದುಗಳು, ದಾನ ಪಡೆದವನ ಹೆಸರು, ಗದ್ದೆಯ ನಾಲ್ಕು ಎಲ್ಲೆಗಳು, ಹಳ್ಳ, ಮರ, ಗುರುತಿನ ಕಲ್ಲು, ದಾನವನ್ನು ಕೆಡಿಸಿದವನಿಗೆ ಶಾಪ ಇವೆಲ್ಲ ಇರುವವು. ಆ ಗದ್ದೆಯಲ್ಲಿ ಎಷ್ಟು ಖಂಡುಗ ಬೀಜ ಬಿತ್ತಬಹುದೆಂಬ ಲೆಕ್ಕವು ಸಹ ಅನೇಕ ಕಡೆಗಳಲ್ಲಿ ಇರುವದು. ಬಿತ್ತುವವನು ಯಾರೆಂಬದು ಮಾತ್ರ ಸಾಧಾರಣವಾಗಿ ಇರುವದಿಲ್ಲ. ಎಲ್ಲೆಯ ಮರಕ್ಕೆ ಕಲ್ಲಿನಲ್ಲಿ ಸ್ಥಳ ದೊರಕಿತು. ಆ ಮರದ ನೆರಳಿನಲ್ಲಿ ಕೂತು ಗಂಜಿ ಕುಡಿದ ಆಳಿಗೆ ದೊರಕಲಿಲ್ಲ. ಶಾಸನವು ಸುಳ್ಳು ಹೇಳಿತೆಂದು ಇದರಿಂದ ತಿಳಿಯಬಾರದು. ಭೂಮಿಯ ಹಕ್ಕನ್ನು ಕಾಯುವದಕ್ಕಾಗಿ ಅದು ಕೆತ್ತಲ್ಪಟ್ಟಿತು; ಹಕ್ಕಿಲ್ಲದವನ ಮಾತು ಅದಕ್ಕೆ ಬೇಕಾಗಿರಲಿಲ್ಲ.

೧೬೪೫ರಿಂದ ೧೬೬೦ರ ವರೆಗೆ ಆಳಿದ ಶಿವಪ್ಪನಾಯಕನ ಶಿಸ್ತು ಎಂಬ ಭೂಕಂದಾಯದ ಏರ್ಪಾಡು ನಮ್ಮ ಜನರ ಬಾಯಲ್ಲಿ ಈಗಲೂ ಇದೆ. ಹನ್ನೆರಡು ವರುಷಗಳ ವರೆಗೆ ಬೇರೆ ಬೇರೆ ತರದ ಭೂಮಿಗಳಲ್ಲಿ ಬೆಳೆ ತೆಗೆಯಿಸಿ, ಬೀಜ, ಖರ್ಚು, ಉತ್ಪನ್ನಗಳನ್ನು ಲೆಕ್ಕವಿರಿಸಿ, ಸರಾಸರಿ ಹಿಡಿದು, ಮೂರರಲ್ಲಿ ಒಂದು ಪಾಲನ್ನು ಅರಮನೆಗೆ ನಿಶ್ಚಯಿಸಿದನೆಂದು ಹೇಳಲ್ಪಟ್ಟಿದೆ. ಬಾಯಿಗೆ ಬಂದಂತೆ ಕಂದಾಯ ಕೇಳುವದಕ್ಕಿಂತ ಇದು ಎಷ್ಟೋ ಉತ್ತಮವಾಗಿತ್ತು. ಆದರೂ ಅರಮನೆಗೂ ಭೂಮಿಯ ಒಡೆಯನಿಗೂ ನಡುವೆ ಇದ್ದ ಲೆಕ್ಕವಷ್ಟೇ ಅದು. ಒಡೆಯನಿಗೂ ಒಕ್ಕಲಿಗೂ ನಡುವಿನ ಲೆಕ್ಕವು ಕಣದಲ್ಲಿ ನಡೆಯುತ್ತಿತ್ತು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಕಂಪನಿ ಸರಕಾರದವರು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಈ ದೇಶವನ್ನು ನೋಡಿ ಬರೆಯುವದಕ್ಕೆ ಕಳುಹಿಸಿದರು. ಅವನು ೧೮೦೧ರಲ್ಲಿ ಇಕ್ಕೇರಿ ಮತ್ತು ನಗರಗಳ ಮಾರ್ಗವಾಗಿ ಬಂದನು; ಅವನ ದಿನಚರಿಯು ೧೮೦೭ರಲ್ಲಿ ಲಂಡನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಪರದೇಶಿ, ದುಭಾಷಿಯ ಮೂಲಕ ಕೇಳಿದವನು, ಕಂಪನಿಗೆ ಎಷ್ಟು ಹುಟ್ಟುವಳಿ ಬಂದೀತೆಂದು ತಿಳಿಸುವದು ಅವನ ಕೆಲಸವಾಗಿತ್ತು. ಇವೆಲ್ಲವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನನ್ನು ಓದತಕ್ಕದ್ದು. ಆದರೆ ಅವನಲ್ಲಿ ಒಂದು ಒಳ್ಳೆಯ ಗುಣವಿತ್ತು. ಹೋದ ಹೋದ ಸ್ಥಳಗಳಲ್ಲಿ ಕೊಳಗ, ಖಂಡುಗ ಎಂಬ ಹೆಸರುಗಳನ್ನು ಕೇಳಿ ತೃಪ್ತನಾಗದೆ, ಆ ಊರಿನ ಪಾತ್ರೆಯು ಎಷ್ಟು ಘನ ಅಂಗುಲವಿದೆಯೆಂದು ಅಳೆದು ಬರೆದುಕೊಳ್ಳುತ್ತಿದ್ದನು. ಯಾಕಂದರೆ ಹೆಸರು ಒಂದೇ ಆಗಿದ್ದರೂ ಊರಿಂದೂರಿಗೆ ಪಾತ್ರೆ ಬೇರೆಯಾಗಿತ್ತು.

೧೮೩೦-೩೧ರಲ್ಲಿ ನಗರದ ಸೀಮೆಯ ರೈತರು ಕೂಟಗಳನ್ನು ಸೇರಿಸಿ ಕಂದಾಯಕ್ಕೆ ವಿರೋಧವಾಗಿ ಎದ್ದದ್ದೂ, ಅದರ ತರುವಾಯ ೧೮೩೧ರಲ್ಲಿ ಮೈಸೂರಿನ ಆಡಳಿತವು ಇಂಗ್ಲಿಷರ ಕೈಸೇರಿದ್ದೂ ಪ್ರಸಿದ್ಧವಾಗಿದೆ. ದಂಗೆಯ ಕಾರಣವನ್ನು ವಿಚಾರಿಸಿದ ಸಮಿತಿಯು ೧೮೩೩ರಲ್ಲಿ ವರದಿಯನ್ನು ಒಪ್ಪಿಸಿತು. ಆ ವರದಿಯನ್ನು ಓದುವವರು, ಅಲ್ಲಿ ರೈತನೆಂಬ ಮಾತು ಯಾರಿಗೆ ಸಲ್ಲುವದು, ಪಟೇಲನಿಗೋ, ಹಿಡುವಳಿದಾರನಿಗೋ, ಅವನ ಆಳಿಗೋ ಎಂದು ಪ್ರತಿ ಪುಟದಲ್ಲಿಯೂ ಕೇಳುತ್ತಾ ಹೋಗಬೇಕು. ಮಿಶನಿನ ಹಳೆಯ ಪತ್ರಗಳಿಗೂ ಇದೇ ನಿಯಮವು ಸಲ್ಲುವದು. ಅವು ದೂರದಲ್ಲಿರುವ ಸಹಾಯಕರಿಗೆ ಬರೆಯಲ್ಪಟ್ಟವು. ಸಹಾಯಕರಿಗೆ ಬರೆಯುವವನು ಯಾವದನ್ನು ಹೆಚ್ಚಾಗಿ ಹೇಳುವನು, ಯಾವದನ್ನು ಬಿಡುವನು ಎಂಬದನ್ನು ನಾವು ಬಲ್ಲೆವಲ್ಲವೇ?

೩. ಕಾಗೋಡಿನ ಕೊಳಗ

ಇನ್ನು ಈ ಪಾಠದ ಮುಖ್ಯ ಭಾಗಕ್ಕೆ ಬರೋಣ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬದು ಹಳೆಯ ಲೆಕ್ಕ. ನಾನು ಓದಿದ ಚೀಟಿಯಲ್ಲಿದ್ದ ಹತ್ತು ಖಂಡುಗವೆಂದರೆ ೨೦೦ ಕೊಳಗ. ಕೊಳಗಕ್ಕೆ ಮೂರು ಸೇರು ಎಂದಿಟ್ಟುಕೊಂಡರೆ ೬೦೦ ಸೇರು ಭತ್ತವಾಯಿತು. ಕಣಕ್ಕೆ ಬಂದ ಕೊಳಗವು ನಾಲ್ಕು ಸೇರಿನದಾಗಿದ್ದರೆ ೮೦೦ ಸೇರಾಯಿತು. ಚೀಟಿಯಲ್ಲಿ ಎರಡಕ್ಕೂ ಹತ್ತು ಖಂಡುಗವೆಂದೇ ಬರೆಯಲ್ಪಡುವದು. ಬರಹದಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೂ ೨೦೦ ಸೇರು ಭತ್ತವು ಒಕ್ಕಲಿನ ಮನೆಯಿಂದ ಹೋಯಿತು. ದಿನಕ್ಕೆ ನಾಲ್ಕು ಸೇರು ಭತ್ತ ಕುಟ್ಟುವ ಮನೆಗೆ ಅದು ೫೦ ದಿನಗಳ ಊಟ. ಆಷಾಢದ ಮಳೆಯಲ್ಲಿ ಕೂಲಿ ಸಿಕ್ಕದೆ, ಕಣಜ ಬರಿದಾಗಿ, ಮಕ್ಕಳು ಹಲಸಿನ ಬೀಜ ಬೇಯಿಸಿಕೊಂಡು ತಿನ್ನುವ ದಿನಗಳು ಎಷ್ಟೆಂದು ನೆನಪು ಮಾಡಿಕೊಂಡರೆ, ಈ ಲೆಕ್ಕದ ಭಾರವು ತಿಳಿಯುವದು. ಎರಡು ವಿಧವಾದ ಅಳತೆಯನ್ನು ಕುರಿತು ಧರ್ಮೋಪದೇಶಕಾಂಡದಲ್ಲಿರುವ ನಿಷೇಧವನ್ನು ನಮ್ಮ ವಾಚಕರು ಬಲ್ಲರು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಗೆ ಉಳುತ್ತಿದ್ದವರು ಹೆಚ್ಚಾಗಿ ದೀವರ ಕುಲದವರಾಗಿದ್ದರು. ಒಡೆಯರು ಗೇಣಿಯನ್ನು ದೊಡ್ಡ ಕೊಳಗದಿಂದ ಅಳೆದುಕೊಳ್ಳುವದು, ಬಿಟ್ಟಿ ದುಡಿಸಿಕೊಳ್ಳುವದು, ಒಕ್ಕಲು ಗಂಡಸರು ಮೊಣಕಾಲಿನ ಕೆಳಗೆ ಇಳಿಯುವಂತೆ ಪಂಚೆ ಉಡಬಾರದೆಂಬ ಕಟ್ಟು ಇವೆಲ್ಲ ಅವರಿಗೆ ಅಸಹ್ಯವಾದವು. ಎಚ್. ಗಣಪತಿಯಪ್ಪನವರು ಮುಂದಾಗಿ ಸಾಗರ ತಾಲ್ಲೂಕಿನ ರೈತರನ್ನು ಸಂಘವಾಗಿ ಕೂಡಿಸಿದರು. ನ್ಯಾಯವಾದ ಕೊಳಗದಿಂದ ಅಳೆಯಬೇಕು, ಗೇಣಿಗೆ ರಸೀತಿ ಕೊಡಬೇಕು ಎಂದು ಕೇಳಿದವರಿಗೆ ಭೂಮಿಯನ್ನು ಉಳಬಾರದೆಂಬ ಉತ್ತರ ಬಂತು. ೧೯೫೧ನೇ ಇಸವಿ ಏಪ್ರಿಲ್ ೧೮ರಂದು ಒಕ್ಕಲುಗಳು ನೇಗಿಲು ಹೊತ್ತು ಗದ್ದೆಗೆ ಇಳಿದರು; ಪೋಲೀಸಿನವರು ಅವರನ್ನು ಹಿಡಿದುಕೊಂಡು ಹೋದರು. ಒಂದು ತಂಡವು ಸೆರೆಗೆ ಹೋದ ಮೇಲೆ ಮತ್ತೊಂದು ತಂಡವು ಇಳಿಯಿತು. ಹೀಗೆ ನೂರಾರು ಮಂದಿ ಸೆರೆಮನೆ ಕಂಡರು. ಸಮಾಜವಾದಿ ಪಕ್ಷದವರು ಹೋರಾಟಕ್ಕೆ ಹೆಗಲು ಕೊಟ್ಟರು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ೧೯೨೩ರಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಅದರ ನಾಯಕರಾದರು. ಆ ಪಕ್ಷದ ಹಿರಿಯರಾದ ರಾಮಮನೋಹರ ಲೋಹಿಯಾರವರು ೧೯೫೧ರ ಜೂನ್ ತಿಂಗಳಲ್ಲಿ ಸಾಗರಕ್ಕೆ ಬಂದು ಸೆರೆಯಾದಾಗ ಕಾಗೋಡಿನ ಹೆಸರು ದೇಶದಲ್ಲೆಲ್ಲಾ ಕೇಳಬಂತು.

ಆ ವರುಷವೇ ಭೂಮಿಯು ಅವರ ಕೈಸೇರಲಿಲ್ಲ. ಆದರೆ ಮರುವರುಷ, ೧೯೫೨ರಲ್ಲಿ, ಸಾಗರ-ಹೊಸನಗರ ಕ್ಷೇತ್ರದ ಮತದಾರರು ಗೋಪಾಲಗೌಡರನ್ನು ಶಾಸನಸಭೆಗೆ ಆರಿಸಿ ಕಳುಹಿಸಿದರು. ವಯಸ್ಸಿಗೆ ಬಂದವರೆಲ್ಲರಿಗೂ ಮತವಿದ್ದ ಮೊದಲನೆಯ ಚುನಾವಣೆಯು ಅದಾಗಿತ್ತು. ಗೇಣಿಯ ಚೀಟಿಯಲ್ಲಿ ಹೆಬ್ಬೆಟ್ಟು ಒತ್ತಿದವನ ಹೆಸರು ಮತದಾರರ ಪಟ್ಟಿಯಲ್ಲಿ ಒಡೆಯನ ಹೆಸರಿನಷ್ಟೇ ಅಕ್ಷರಗಳಲ್ಲಿ ಅಚ್ಚಾಯಿತು. ಆ ಹಳೆಯ ಪಟ್ಟಿಯೂ ಒಂದು ಮೂಲದಾಖಲೆಯೇ. ಕಾಗೋಡಿನ ಒಕ್ಕಲು ಮನೆತನದಲ್ಲಿ ಹುಟ್ಟಿದ ಕಾಗೋಡು ತಿಮ್ಮಪ್ಪನವರು ೨೦೧೩ರಲ್ಲಿ ಕರ್ನಾಟಕದ ವಿಧಾನಸಭೆಯ ಅಧ್ಯಕ್ಷರಾದರು.

ಈ ಚರಿತ್ರೆಗೆ ದಾಖಲೆಗಳು ಯಾವವು? ಪೋಲೀಸಿನ ಕಾಗದಗಳಲ್ಲಿ ಇದು ಅತಿಕ್ರಮ ಪ್ರವೇಶವೆಂದು ಕಾಣುವದು. ಆ ಕಾಲದ ಪತ್ರಿಕೆಗಳಲ್ಲಿ ನಾಯಕರ ಹೆಸರುಗಳು ಕಾಣುವವು. ಮೊಣಕಾಲಿನ ಮೇಲೆ ಪಂಚೆ ಎತ್ತಿ ಕಟ್ಟುವಾಗ ಮನುಷ್ಯನಿಗೆ ಏನು ಅನ್ನಿಸಿತೆಂಬದು ಉಟ್ಟವನ ಬಾಯಿಂದ ಮಾತ್ರ ಬರತಕ್ಕದ್ದು. ಮೂರನ್ನೂ ಒಂದಕ್ಕೊಂದು ತಾಗಿಸಿ ನೋಡಿದರೆ ಹೊರತು ಚರಿತ್ರೆಯು ಪೂರ್ಣವಾಗುವದಿಲ್ಲ.

೪. ಸಮುದ್ರದಾಚೆಯ ಒಂದು ದೃಷ್ಟಾಂತ

ಹೆಸರಿಲ್ಲದವರ ಚರಿತ್ರೆಯನ್ನು ಹುಡುಕುವ ಕಷ್ಟವು ನಮಗೆ ಮಾತ್ರ ಬಂದದ್ದಲ್ಲ. ಅಮೇರಿಕ ದೇಶದಲ್ಲಿ ೧೮೬೦ರ ಜನಗಣತಿಯ ಕಾಲಕ್ಕೆ ಸುಮಾರು ೩೯ ಲಕ್ಷ ೫೦ ಸಾವಿರ ಮಂದಿ ದಾಸರಿದ್ದರು. ೧೮೫೦ ಮತ್ತು ೧೮೬೦ರ ಗಣತಿಗಳಲ್ಲಿ ಅವರಿಗೆ ಬೇರೆ ಪಟ್ಟಿಯನ್ನು ಮಾಡಿದರು. ಅದರಲ್ಲಿ ಯಜಮಾನನ ಹೆಸರು ಪೂರ್ಣವಾಗಿ ಇರುವದು. ಅದರ ಕೆಳಗೆ ದಾಸರ ವಯಸ್ಸು, ಗಂಡೋ ಹೆಣ್ಣೋ ಎಂಬದು, ಬಣ್ಣ ಇಷ್ಟೇ ಇರುವವು. ಹೆಸರುಗಳು ಬಹುಮಟ್ಟಿಗೆ ಇಲ್ಲವೇ ಇಲ್ಲ. ೧೮೬೫ರಲ್ಲಿ ರಾಜ್ಯಾಂಗದ ತಿದ್ದುಪಡಿಯಿಂದ ದಾಸತ್ವವು ನಿಂತುಹೋಗಿ, ೧೮೭೦ರ ಗಣತಿಯು ಬಂದಾಗ, ಬಿಡುಗಡೆಯಾದವರೆಲ್ಲರನ್ನೂ ಮೊದಲನೆಯ ಸಲ ಹೆಸರು ಹಿಡಿದು ಬರೆದರು. ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದವನಿಗೆ ಆ ಹತ್ತು ವರುಷಗಳಲ್ಲಿ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಹೆಸರು ಬಂದೊಡನೆ ಹೊಟ್ಟೆ ತುಂಬಲಿಲ್ಲ. ಬಿಡುಗಡೆಯಾದವರಲ್ಲಿ ಅನೇಕರು ಭೂಮಿ ಇಲ್ಲದೆ ಹಿಂದಿನ ಯಜಮಾನರ ಹೊಲಗಳಲ್ಲಿಯೇ ಪಾಲಿಗೆ ಹತ್ತಿ ಬೆಳೆಯುವವರಾದರು. ಬೀಜ, ಉಪಕರಣ, ಅಂಗಡಿಯ ಸಾಲ ಇವುಗಳ ಲೆಕ್ಕದ ಪುಸ್ತಕವು ಭೂಮಿಯ ಒಡೆಯನ ಅಥವಾ ಅಂಗಡಿಯವನ ಕೈಯಲ್ಲಿತ್ತು. ವರುಷದ ಕೊನೆಯಲ್ಲಿ ಲೆಕ್ಕ ಮುಗಿಸುವಾಗ ಬಾಕಿಯು ಉಳಿಯುವದು ಸಾಮಾನ್ಯವಾಗಿತ್ತು. ಕಾಗೋಡಿನ ಕೊಳಗವೂ ಅಲ್ಲಿಯ ಲೆಕ್ಕದ ಪುಸ್ತಕವೂ ಒಂದೇ ಕೆಲಸ ಮಾಡಿದವು.

ಕಾಣೆಯಾದ ಮಾತುಗಳನ್ನು ಆ ದೇಶದವರು ಹೇಗೆ ಕೂಡಿಸಿದರು? ದಾಸತ್ವದಲ್ಲಿ ಹುಟ್ಟಿ, ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಸ್ ಎಂಬವನು ತನ್ನ ಜೀವನಚರಿತ್ರೆಯನ್ನು ತಾನೇ ಬರೆದು ೧೮೪೫ರಲ್ಲಿ ಪ್ರಕಟಿಸಿದನು. ಬರೆಯಲು ಬಾರದವರ ಮಾತನ್ನು ಕೂಡಿಸುವದಕ್ಕೆ ತೊಂಬತ್ತು ವರುಷ ಹಿಡಿಯಿತು. ೧೯೩೬ರಿಂದ ೧೯೩೮ರ ವರೆಗೆ ಅಲ್ಲಿಯ ಸರಕಾರದಿಂದ ನೇಮಿಸಲ್ಪಟ್ಟವರು ಮನೆಮನೆಗೆ ಹೋಗಿ, ಒಂದು ಕಾಲದಲ್ಲಿ ದಾಸರಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತುಗಳನ್ನು ಬರೆದುಕೊಂಡರು. ಅವರಲ್ಲಿ ಅನೇಕರಿಗೆ ಎಂಭತ್ತು ದಾಟಿತ್ತು. ದಾಸತ್ವವನ್ನು ಕಂಡಾಗ ಮಕ್ಕಳಾಗಿದ್ದರು. ಕೇಳಲು ಬಂದವರಲ್ಲಿ ಹೆಚ್ಚಿನವರು ಬಿಳಿಯರಾದದರಿಂದ ಕೆಲವರು ಅಂಜಿ, ಕೇಳುವವನಿಗೆ ಹಿತವಾಗುವಂತೆ ಹೇಳಿದ್ದೂ ಉಂಟು. ಆದಕಾರಣ ಆ ಮಾತುಗಳನ್ನು ಸಹ ತೂರಿಯೇ ಓದಬೇಕು. ಆದರೂ ಇನ್ನು ಹತ್ತು ವರುಷ ತಡಮಾಡಿದ್ದರೆ ತೂರುವದಕ್ಕೆ ಏನೂ ಉಳಿಯುತ್ತಿರಲಿಲ್ಲ.

೫. ಏಳನೆಯ ನಮೂನೆ

ನಮ್ಮ ನಾಡಿನಲ್ಲಿ ಗೇಣಿಯನ್ನು ಕುರಿತು ೧೯೫೨ರಲ್ಲಿ ಒಂದು ಕಾನೂನು, ೧೯೬೧ರಲ್ಲಿ ಭೂಸುಧಾರಣೆಯ ಕಾನೂನು ಆದವು. ಎರಡನೆಯದು ೧೯೬೫ರಲ್ಲಿ ಜಾರಿಗೆ ಬಂತು. ದೊಡ್ಡ ಬದಲಾವಣೆಯು ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಆಯಿತು. ೧೯೭೪ರ ಮಾರ್ಚ್ ೧ರಿಂದ ಗೇಣಿಯ ಭೂಮಿಗಳೆಲ್ಲ ಸರಕಾರಕ್ಕೆ ಸೇರಿದವೆಂದೂ, ಅವುಗಳನ್ನು ಉಳುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ಒಡೆತನ ಪಡೆಯಬಹುದೆಂದೂ ಶಾಸನವಾಯಿತು. ಅರ್ಜಿಯ ಅವಧಿಯು ಮುಂದಕ್ಕೆ ಹೋಗುತ್ತಾ ೧೯೭೯ರ ಜೂನ್ ೩೦ಕ್ಕೆ ಮುಗಿಯಿತು. ಅರ್ಜಿಗಳನ್ನು ವಿಚಾರಿಸುವದಕ್ಕೆ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ನೇಮಕವಾದವು.

ಆಗ ಕಾಗದದ ಮಹಿಮೆಯು ಎಲ್ಲರಿಗೂ ತಿಳಿಯಿತು. ಪಹಣಿಯಲ್ಲಿ ಒಂಭತ್ತನೆಯ ಕಲಮು ಒಡೆಯನ ಹೆಸರಿಗೆ, ಹನ್ನೆರಡನೆಯ ಕಲಮು ಸಾಗುವಳಿ ಮಾಡುವವನ ಹೆಸರಿಗೆ ಇರುವದು. ಹನ್ನೆರಡನೆಯ ಕಲಮಿನಲ್ಲಿ ಒಕ್ಕಲಿನ ಹೆಸರಿದ್ದರೆ ಅವನ ಮಾತಿಗೆ ಬಲ. ಅಲ್ಲಿಯೂ ಒಡೆಯನ ಹೆಸರೇ ಇದ್ದರೆ, ಮೂವತ್ತು ವರುಷ ಉತ್ತವನು ಸಹ ತಾನು ಉತ್ತೆನೆಂದು ಸಾಕ್ಷಿಗಳಿಂದ ಸ್ಥಾಪಿಸಬೇಕಾಯಿತು. ಆ ಪುಸ್ತಕವನ್ನು ಹಿಂದೆ ಬರೆಯುತ್ತಿದ್ದವನು ವಂಶಪಾರಂಪರ್ಯದ ಶಾನುಭೋಗನು; ಆ ಪದವಿಯು ೧೯೬೩ರಲ್ಲಿ ರದ್ದಾಯಿತು. ಅವನು ಯಾರ ಜಗಲಿಯಲ್ಲಿ ಕೂತು ಬರೆದನೆಂಬ ಪ್ರಶ್ನೆಯು, ಬರೆದವನು ಯಾರೆಂಬ ನಮ್ಮ ಮೊದಲಿನ ಪ್ರಶ್ನೆಯೇ ಆಗಿದೆ. ಇಂಥ ಸಮಯದಲ್ಲಿ ಗೇಣಿಯ ಒಂದು ಹಳೆಯ ಚೀಟಿಯು, ಒಡೆಯನ ಕೈಬರಹವಿರುವ ಒಂದು ತುಂಡು ಕಾಗದವು, ಎಕರೆ ಗದ್ದೆಗೆ ಸಮವಾಗಿತ್ತು. ಒಕ್ಕಲಿನ ಲೆಕ್ಕವನ್ನು ತಪ್ಪಾಗಿ ಹೇಳಿದ ಚೀಟಿಯೇ ಒಕ್ಕಲಿನ ಹಕ್ಕನ್ನು ನಿಜವಾಗಿ ಹೇಳುವಂಥದಾಯಿತು. ದಾಖಲೆಯು ಬರೆದವನ ಉದ್ದೇಶಕ್ಕೆ ಮಾತ್ರ ಕಟ್ಟುಬಿದ್ದಿಲ್ಲ. ಸರಿಯಾಗಿ ಕೇಳಿದರೆ ಅದು ಬರೆದವನು ನೆನಸದಿದ್ದದ್ದನ್ನೂ ಹೇಳುವದು.

೬. ಇನ್ನೂ ಬರೆಯಲ್ಪಡದವರು

ಕಾಗೋಡಿನ ಕಥೆಯನ್ನು ಹೇಳಿ ಸಂತೋಷಪಟ್ಟು ಇಲ್ಲಿಗೆ ಪುಸ್ತಕವನ್ನು ಮುಚ್ಚಿದರೆ ನಾವು ಪಾಠವನ್ನು ಅರ್ಧ ಮಾತ್ರ ಕಲಿತಂತಾಗುವದು. ಏಳನೆಯ ನಮೂನೆಯು ಗೇಣಿದಾರನನ್ನು ಕೇಳಿತು, ಕೂಲಿಯವನನ್ನು ಕೇಳಲಿಲ್ಲ. ಹೊಲೆಯರು, ಮಾದಿಗರು, ಹಸಲರು ಇವರಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಗೇಣಿದಾರನ ಅಥವಾ ಒಡೆಯನ ಗದ್ದೆಯಲ್ಲಿ ದುಡಿದ ಆಳುಗಳು. ಅವರಿಗೆ ಚೀಟಿಯೂ ಇಲ್ಲ, ಕಲಮೂ ಇಲ್ಲ. ಅರ್ಜಿಯು ಸಾಧಾರಣವಾಗಿ ಗಂಡಸಿನ ಹೆಸರಿನಲ್ಲಿ ಹೋಯಿತು. ಸಸಿ ನೆಟ್ಟು ಕಳೆ ಕಿತ್ತ ಹೆಂಗಸಿನ ಹೆಸರು ಕಡಿಮೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಮುಗಿದು, ಸಾಗರ ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನೊಳಗೆ ಹೋದವು. ಅಲ್ಲಿಂದ ಎದ್ದು ಬಂದವರಿಗೆ ಗದ್ದೆಯ ಬದುವನ್ನು ಬೆರಳು ಮಾಡಿ ತೋರಿಸುವದಕ್ಕೂ ಆಗದು. ಅವರ ಊರು ಈಗ ಕಾಗದಗಳಲ್ಲಿಯೂ ನೆನಪಿನಲ್ಲಿಯೂ ಮಾತ್ರ ಇದೆ. ನೆನಪುಳ್ಳವರು ವರುಷ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ.

ನಮ್ಮ ಸಭೆಗಳಲ್ಲಿ ಅನೇಕರ ಅಜ್ಜ ಅಜ್ಜಿಯರು ಹೀಗೆ ಯಾವ ಕಲಮಿನಲ್ಲಿಯೂ ಬಾರದವರೇ. ಅವರ ಬಾಳನ್ನು ಬೇರೊಬ್ಬರು ಬಂದು ಬರೆಯುವರೆಂದು ಕಾದಿದ್ದರೆ, ಯಾವ ಕೊಳಗದಿಂದ ಅಳೆಯುವರೋ ತಿಳಿಯದು.

೭. ಮಾಡತಕ್ಕ ಕೆಲಸ

ಮೊದಲನೆಯದಾಗಿ, ಹಳೆಯ ಕಾಗದವನ್ನು ಓದಿಸದೆ ಒಲೆಗೆ ಹಾಕಬೇಡಿರಿ. ತೇವವಿಲ್ಲದ ಪೆಟ್ಟಿಗೆಯಲ್ಲಿ, ಗೋಡೆಗೆ ತಾಗದಂತೆ ಇಡಿರಿ. ಮಡಿಸಿದಲ್ಲಿ ಹರಿಯುವ ಕಾಗದಕ್ಕೆ ಅಂಟು ಹಚ್ಚದೆ, ಎರಡು ಹಾಳೆಗಳ ನಡುವೆ ಬಿಡಿಸಿ ಇಟ್ಟರೆ ಸಾಕು. ಈಗ ಮನೆಮನೆಯಲ್ಲಿಯೂ ಮೊಬೈಲು ಇದೆ. ಹಗಲು ಬೆಳಕಿನಲ್ಲಿ ಎರಡೂ ಮಗ್ಗುಲುಗಳ ಚಿತ್ರ ತೆಗೆದಿಡಿರಿ.

ಎರಡನೆಯದಾಗಿ, ಭೂನ್ಯಾಯಮಂಡಳಿಯ ತೀರ್ಪಿನ ನಕಲನ್ನು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಬಹುದು. ೨೦೦೫ರ ಮಾಹಿತಿ ಹಕ್ಕಿನ ಕಾನೂನು ಸಹ ಇದಕ್ಕೆ ಸಹಾಯವಾಗಿದೆ. ಮಂಡಳಿಯ ಮುಂದೆ ನಿಮ್ಮ ಹಿರಿಯರು ಹೇಳಿದ ಮಾತು ಆ ಕಡತದಲ್ಲಿ ಇದ್ದೀತು. ಹಳೆಯ ಶಬ್ದಗಳು ತಿಳಿಯದಿದ್ದರೆ ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟನ್ನು ನೋಡಿರಿ.

ಮೂರನೆಯದಾಗಿ, ಮುದುಕರ ಬಳಿ ಕೂತು ಕೇಳಿ ಬರೆದುಕೊಳ್ಳಿರಿ. ಅವರ ಅಪ್ಪಣೆ ಪಡೆದು, ಹೇಳಿದವರ ಹೆಸರು, ಊರು, ದಿನ ಇವುಗಳನ್ನು ಮೇಲೆ ಬರೆಯಿರಿ. ಅವರ ಮಾತನ್ನು ತಿದ್ದಿ ಗ್ರಂಥದ ಮಾತು ಮಾಡಬೇಡಿರಿ. ನೀವು ಕೇಳಬೇಕೆಂದಿರುವ ಉತ್ತರವನ್ನು ಪ್ರಶ್ನೆಯಲ್ಲಿಯೇ ಇಡಬೇಡಿರಿ. ಅವರು ಮರೆತದ್ದನ್ನು ಮರೆತರೆಂದೇ ಬರೆಯಿರಿ. ಒಬ್ಬರು ಹೇಳಿದ್ದನ್ನು ಚೀಟಿಯೊಂದಿಗೂ ನೆರೆಯವರ ಮಾತಿನೊಂದಿಗೂ ಹೋಲಿಸಿ ನೋಡಿರಿ.

ಆ ದಿನ ಉಳಿದ ಮೂರು ಚೀಟಿಗಳು ಆ ಮನೆಯಲ್ಲಿಯೇ ಇವೆ. ನಾನು ಮರುವಾರ ಹೋಗಿ ಅಜ್ಜಿಯು ಹೇಳಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದು ಅವಳಿಗೆ ಓದಿ ಹೇಳಿದೆನು. ಅವಳು ಎರಡು ಕಡೆಗಳಲ್ಲಿ ತಡೆದು ನನ್ನ ಲೆಕ್ಕವನ್ನು ತಿದ್ದಿದಳು. ಕಡೆಗೆ ಮೊಮ್ಮಗನನ್ನು ಕರೆದು, ಒಲೆಯ ಹಿಂದಿದ್ದ ಹಳೆಯ ಕೊಳಗವನ್ನು ತರಿಸಿ, ಸೇರಿನಿಂದ ಅಕ್ಕಿ ಹೊಯ್ದು ನನ್ನ ಮುಂದೆಯೇ ಅಳೆಯಿಸಿ, “ಇದು ನಮ್ಮ ಕೊಳಗ. ಇದನ್ನೂ ಬರ್ಕಳಿ” ಎಂದಳು. ಬರೆದುಕೊಂಡೆನು.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ಮೂಲದಾಖಲೆಯನ್ನು ಓದುವಾಗ ಕೇಳತಕ್ಕ ನಾಲ್ಕು ಪ್ರಶ್ನೆಗಳು ಯಾವವು?

೨. ಒಂದೇ ಚೀಟಿಯು ೬೦೦ ಸೇರನ್ನೂ ೮೦೦ ಸೇರನ್ನೂ ಹೇಗೆ ಸೂಚಿಸಬಲ್ಲದು? ನಿಮ್ಮ ಊರಿನ ಕೊಳಗಕ್ಕೆ ಎಷ್ಟು ಸೇರು ಇತ್ತೆಂದು ಹಿರಿಯರನ್ನು ಕೇಳಿ ಬನ್ನಿರಿ.

೩. ಅಮೇರಿಕದ ೧೮೬೦ ಮತ್ತು ೧೮೭೦ರ ಗಣತಿಗಳಿಗೂ, ನಮ್ಮ ಪಹಣಿಯ ಒಂಭತ್ತು ಮತ್ತು ಹನ್ನೆರಡನೆಯ ಕಲಮುಗಳಿಗೂ ಇರುವ ಹೋಲಿಕೆ ಏನು? ಭೇದ ಏನು?

೪. ೧೯೭೪ರ ಕಾನೂನಿನಿಂದ ನಿಮ್ಮ ಊರಿನಲ್ಲಿ ಭೂಮಿ ಪಡೆದವರು ಯಾರು? ದುಡಿದಿದ್ದರೂ ಪಡೆಯದೆ ಉಳಿದವರು ಯಾರು?

೫. ನಿಮ್ಮ ಮನೆಯ ಅಟ್ಟದ ಮೇಲೆ ಏನಿದೆ?